ಪೂಜೆಗೆ ಕೂತ ಪಾನಾಗಳು

ಕಾರಿನ ಬ್ರೇಕು ಯುಗಾದಿಯಿಂದಲೇ ಕಿರುಚುತ್ತಿತ್ತು. ಸನತ್‌ನಗರದ ನಮ್ಮ ಓಣಿಯ ನಾಯಿಗಳು ಆ ಸದ್ದಿಗೇ ಎದ್ದು ನಿಲ್ಲುತ್ತಿದ್ದವು. ನಮ್ಮ ಯಜಮಾನರಿಗೆ ಅದು ಕೇಳಿಸಿದ್ದು ಮಾತ್ರ ದಸರೆಯ ಅಷ್ಟಮಿಯ ಸಂಜೆ, ಮರುದಿನ ಬೀದರಿನ ನನ್ನ ತವರಿಗೆ ಹೊರಡಲು ನಾನು ಚೀಲ ಕಟ್ಟಿ ಕೂತಾಗ.

ಮದುವೆಯಾದ ಮೇಲೆ ಒಂದು ದಸರೆಗೂ ನಾನು ತವರಿಗೆ ಹೋಗಿರಲಿಲ್ಲ. ಒಮ್ಮೆ ಇವರ ಡ್ಯೂಟಿ, ಒಮ್ಮೆ ಮನೆಗೆ ಬಂದ ನೆಂಟರು, ಒಮ್ಮೆ ಯಾರದೋ ಮುಂಜಿ. ಈ ಸಲ ದಶಮಿಗೆ ಅಪ್ಪನ ಕೈಗೆ ಬನ್ನಿ ಎಲೆ ಕೊಟ್ಟೇ ತೀರುತ್ತೇನೆ ಎಂದು ಹಟ ಹಿಡಿದಿದ್ದೆ.

"ಮೆಕ್ಯಾನಿಕ್ ಕಡೆ ಒಯ್ರಿ," ಅಂದೆ.

"ಬ್ರೇಕ್ ಪ್ಯಾಡ್ ಹಾಕೂದು ಏನ್ ದೊಡ್ಡ ಕೆಲಸ? ಜೀಡಿಮೆಟ್ಲಾ ಫ್ಯಾಕ್ಟರಿಯಾಗ ದಿನಾ ಮಷೀನ್ ಬಿಚ್ಚಾಂವ ನಾನು!"

ಬಿಚ್ಚಿದರು. ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಗಾಲಿ ಅಂಗಳದಲ್ಲಿ ಮಲಗಿತು, ಸವೆದ ಪ್ಯಾಡುಗಳು ಹೊರಬಂದವು, ಅಷ್ಟರಲ್ಲಿ ಕತ್ತಲಾಯಿತು. "ಮುಂಜಾನೆ ಅರ್ಧ ತಾಸಿನ ಕೆಲಸ" ಎಂದು ಕೈ ತೊಳೆದುಕೊಂಡರು.

ಬೆಳಿಗ್ಗೆ ನೋಡಿದರೆ ನಟ್ಟು ಬಿಗಿಯುವ ಪಾನಾಗಳು, ಇಕ್ಕಳ, ಹೊಸ ಪ್ಯಾಡು ಎಲ್ಲವೂ ದೇವರ ಮನೆಯಲ್ಲಿ! ಅಂದು ಖಂಡೇನವಮಿ, ಆಯುಧಗಳ ಪೂಜೆ. ಅತ್ತೆ ನಸುಕಿನಲ್ಲೇ ಎಲ್ಲವನ್ನೂ ಒಯ್ದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿದ್ದರು. ಪೂಜೆಗೆ ಕೂತದ್ದನ್ನು ದಶಮಿ ಮುಗಿಯುವವರೆಗೆ ಮುಟ್ಟುವಂತಿಲ್ಲ. ಗ್ಯಾರೇಜುಗಳು ಹಬ್ಬಕ್ಕೆ ಮುಚ್ಚಿದ್ದವು, ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರು ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿತ್ತು.

"ಅವ್ವ ಬ್ಯಾಡ ಅಂದ್ರ ನಾ ಏನ್ ಮಾಡ್ಲಿ?" ಎಂದು ಇವರು ಪೇಪರ್ ಬಿಡಿಸಿಕೊಂಡು ಕೂತರು.

ನನಗೆ ಸಿಟ್ಟು ನೆತ್ತಿಗೇರಿತು. "ಆ ಪಾನಾಕ್ಕ ಕೂಡಾಕ ದೇವರ ಮನಿ ಐತಿ. ನನಗ ಹೋಗಾಕ ತವರು ಮನಿ ಇಲ್ಲೇನ್ರೀ?"

ಅತ್ತೆ ಎದ್ದರು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ. ಅವರು ಸೀದಾ ದೇವರ ಮನೆಗೆ ಹೋಗಿ, ಅಕ್ಷತೆ ಹಾಕಿ, ಪಾನಾಗಳನ್ನು ತುಸು ಸರಿಸಿದರು. ಕೂತಲ್ಲಿಂದ ಸರಿಸಿದರೆ ಪೂಜೆ ಮುಗಿದಂತೆ. ಎಲ್ಲವನ್ನೂ ಉಡಿಯಲ್ಲಿ ತಂದು ಮಗನ ಪೇಪರಿನ ಮೇಲೆ ಸುರಿದರು.

"ಏಳು. ಪ್ಯಾಡಿನ ಮ್ಯಾಲಿನ ಕುಂಕುಮ ಚೊಲೋತ್ನಾಗಿ ಒರೆಸಿ ಹಾಕು. ಆಕಿನ್ನ ಕರ್ಕೊಂಡು ಹೋಗು."

ಆಮೇಲೆ ನನ್ನ ಕಡೆ ನೋಡದೆಯೇ ಅಂದರು, "ನಿಮ್ಮ ಮಾವಗ ನಾನೂ ಒಮ್ಮೆ ಹಿಂಗ ಕೇಳಬೇಕಾಗಿತ್ತವ್ವಾ. ಬನ್ನಿ ಹಿಡ್ಕೊಂಡು ನಮ್ಮಪ್ಪ ನನ್ನ ದಾರಿ ನೋಡಿ ನೋಡೇ ಹೋದ."