ಏಳನೇ ನಂಬರ್ ಜೆರ್ಸಿ

“ಮಂಡಿ ಹೋದವನನ್ನ ಇಟ್ಕೊಂಡು ಏನ್ ಮಾಡ್ತಾರೆ ಗುರು? ಟೀಮಿಂದ ಕಳಿಸಿದ್ದೇ ಸರಿ. ಅವನ ನಂಬರ್ರೂ ಹೊಸಬನಿಗೆ ಕೊಟ್ಟಾಯ್ತು!”

ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದ ಇಬ್ಬರು ಯುವಕರು ನಮ್ಮೆದುರು ನಿಂತು, ಬೆಳಿಗ್ಗೆ ಫೋನಿನಲ್ಲಿ ನೋಡಿದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಬಗ್ಗೆ ಜೋರಾಗಿ ವಾದಿಸುತ್ತಿದ್ದರು. ನನ್ನ ಪಕ್ಕದಲ್ಲಿ ಮಗಳು ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ನಮ್ಮ ಬಡಾವಣೆಯ ಕ್ಲಬ್ ತಂಡಕ್ಕೆ ಆಡುವಾಗ ಬಿದ್ದಿದ್ದಳು. ಸ್ಕ್ಯಾನ್ ಮಾಡಿಸಲು ಕರೆದೊಯ್ಯುತ್ತಿದ್ದೆ. ಅವರ ಬಾಯಿ ಮುಚ್ಚಿಸೋಣವೆಂದು ಏಳಹೊರಟೆ. ಮಗಳು ಕೈ ಹಿಡಿದು ಕೂರಿಸಿದಳು. ಅಷ್ಟರಲ್ಲಿ ಒಬ್ಬನ ಕಣ್ಣು ಅವಳ ಮಂಡಿಯ ಮೇಲೆ ಬಿತ್ತು. ಗೆಳೆಯನನ್ನು ಮೊಣಕೈಯಿಂದ ತಿವಿದ. ಇಬ್ಬರೂ ಗಪ್‌ಚುಪ್ಪಾದರು. ಆ ಮೌನ ಅವರ ಮಾತಿಗಿಂತ ಕೆಟ್ಟದಾಗಿತ್ತು.

ಹೊಸಹಳ್ಳಿಯಲ್ಲಿ ಅವರು ಇಳಿದ ಮೇಲೆ ಮಗಳು ಮೆಲ್ಲಗೆ ಕೇಳಿದಳು: “ಅಮ್ಮ, ನನ್ನ ಏಳನೇ ನಂಬರ್ರೂ ಯಾರಿಗಾದ್ರೂ ಕೊಟ್ಬಿಡ್ತಾರಾ?”

ಜೆರ್ಸಿ ಕ್ಲಬ್ಬಿನದು. ತಂಡ ಬಿಟ್ಟವರು ಅದನ್ನು ಒಗೆದು, ಇಸ್ತ್ರಿ ಮಾಡಿ ವಾಪಸ್ ಕೊಡುವುದು ಅಲ್ಲಿನ ಪದ್ಧತಿ. ಅವಳು ಬಿದ್ದ ದಿನದಿಂದ ಅದು ಬೆವರಿನ ವಾಸನೆ ಸಮೇತ ಬ್ಯಾಗಿನಲ್ಲೇ ಇದೆ. ಒಗೆಯಲು ನನಗೆ ಧೈರ್ಯ ಸಾಲುತ್ತಿಲ್ಲ.