ಹೊಟ್ಟೆಯಿಲ್ಲದ ಇಸ್ತ್ರಿ

ಅವಳ ಬಲಗೆನ್ನೆಯ ಮೇಲೆ ಹುಣಸೆಬೀಜದಷ್ಟು ಅಗಲದ, ಹುಣಸೆಬೀಜದಂತೆಯೇ ಹೊಳೆಯುವ ಒಂದು ಸುಟ್ಟ ಕಲೆ ಇತ್ತು. ಬಿಸಿಯಾದದ್ದು ಏನನ್ನೇ ಕೈಗೆ ಕೊಟ್ಟರೂ, ಚಹಾದ ಬಟ್ಟಲಾಗಲಿ ಆಗಷ್ಟೇ ಇಳಿಸಿದ ರೊಟ್ಟಿಯಾಗಲಿ, ಮೊದಲು ಅದನ್ನು ಆ ಕಲೆಯ ಹತ್ತಿರ ತಂದು, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಬಾಯಿಗಿಡುತ್ತಿದ್ದಳು. ಬಲಗೆನ್ನೆ ಎಂದು ಬರೆದೆ. ಎಡಗೆನ್ನೆಯೂ ಇರಬಹುದು. ಎದುರಿಗೆ ಕೂತು ನೋಡಿದವರಿಗೆ ಎಡ ಬಲ ಅದಲುಬದಲಾಗುತ್ತವೆ. ಕಲೆ ಇದ್ದದ್ದಂತೂ ನಿಜ.

ಮಸ್ಕಿಯಲ್ಲಿ ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಮುದುಕಿ ಅವಳು. ನಾನು ಸಿಂಧನೂರಿನಿಂದ ಆ ಮನೆಗೆ ಸೊಸೆಯಾಗಿ ಬಂದದ್ದು ನಿಜಾಮರ ಕಾಲದಲ್ಲಿ. ಮಾವ ಊರಿನ ಪೊಲೀಸ್ ಪಾಟೀಲರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವ, ಗಂಡ ಇಬ್ಬರೂ ಬೆಳಿಗ್ಗೆ ಹೊರಗೆ ಹೋದರೆ ಮಾತಿಗೆ ಸಿಗುತ್ತಿದ್ದವಳು ಅವಳೊಬ್ಬಳೇ. ನಾನು ಆಯಿ ಎನ್ನುತ್ತಿದ್ದೆ. ಊರು ಅವಳನ್ನು ಬಡಾಯಿ ಆಯಿ ಎನ್ನುತ್ತಿತ್ತು.

ಬಡಾಯಿ ಯಾವುದೆಂದರೆ ಲಿಂಗಸುಗೂರಿನ ದಂಡಿನ ಛಾವಣಿಯದು. ಅಲ್ಲಿ ಬಿಳಿಯರ ಪಲ್ಟನ್ ಇದ್ದಾಗ ಅವಳು ತನ್ನ ತಾಯಿಯ ಜೊತೆ ಸಾಹೇಬರ ಬಟ್ಟೆಗೆ ಇಸ್ತ್ರಿ ಮಾಡುತ್ತಿದ್ದಳಂತೆ.

"ಅವರ ಇಸ್ತ್ರಿಗೆ ಹೊಟ್ಟೀನ ಇರಲಿಲ್ಲವ್ವ" ಎನ್ನುತ್ತಿದ್ದಳು.

"ಹೊಟ್ಟಿ ಇಲ್ಲಂದ್ರ ಕೆಂಡ ಎಲ್ಲಿ ಹಾಕತಿದ್ರಿ?"

"ಕೆಂಡ ಹಾಕೂದಿಲ್ಲ. ಗಟ್ಟಿ ಕಬ್ಬಿಣ. ಒಲಿ ಬೆನ್ನಿಗೆ ಒರಗಿಸಿ ಕಾಸತಿದ್ವಿ. ಒಂದು ಆರೂದ್ರಾಗ ಇನ್ನೊಂದು ಕಾಯತಿತ್ತು."

"ಒಲಿಗೆ ಬೆನ್ನು ಬ್ಯಾರೆ ಐತೇನು ಆಯಿ?"

ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಊರಲ್ಲಿ ನಾವೆಲ್ಲ ಕಂಡದ್ದು ಹೊಟ್ಟೆ ತುಂಬ ಕೆಂಡ ತುಂಬಿಕೊಳ್ಳುವ ಹಿತ್ತಾಳೆಯ ಇಸ್ತ್ರಿ. ಅವಳು ಸಿಟ್ಟಾಗುತ್ತಿರಲಿಲ್ಲ. "ನಗು, ನಗು. ನಮ್ಮ ಮನ್ಯಾಗಿನ ಕೂಸುಗಳೂ ನಗತಾವ. ನಾ ಸಾಯೂದ್ರಾಗ ಒಬ್ಬರರ ಹೌದಬೇ, ಖರೆ ಅಂದ್ರ ಸಾಕು ನನಗ" ಎನ್ನುತ್ತಿದ್ದಳು. ಅಷ್ಟು ಹೇಳುವಾಗ ಮಾತ್ರ ಕೈಯಲ್ಲಿನ ಬಟ್ಟೆ ಕೆಳಗಿಡುತ್ತಿದ್ದಳು.

ನಾನು ಬಂದ ವರ್ಷದ ಚಳಿಯಲ್ಲಿ ಮಾವ ಲಿಂಗಸುಗೂರಿಗೆ ಹೋದವರು ಬಂಡಿಯಲ್ಲಿ ಒಂದು ಒಲೆ ಹೇರಿಕೊಂಡು ಬಂದರು. ಛಾವಣಿಯ ಹಳೆಯ ಬಂಗಲೆಯೊಂದನ್ನು ಖಾಲಿ ಮಾಡುವಾಗ ಸಿಕ್ಕಿದ್ದು. ಬೀಡು ಕಬ್ಬಿಣ, ನಾಲ್ಕಾಳು ಹಿಡಿದು ಇಳಿಸಬೇಕಾದ ಭಾರ, ಸೊಂಟದೆತ್ತರ. ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು, ಆರು ಕಡೆಗೂ ಇಳಿಜಾರು. ಪ್ರತಿ ಇಳಿಜಾರಿನ ಬುಡದಲ್ಲಿ ಬೆರಳಗಲದ ಒಂದು ಅಂಚು. ಒಳಗೆ ಇದ್ದಲಿ ಹಾಕಲು ಪುಟ್ಟ ಬಾಗಿಲು, ಬಾಗಿಲ ಮೇಲೆ ತುಕ್ಕು ತಿಂದ ಇಂಗ್ಲಿಷ್ ಅಕ್ಷರ. ನೆತ್ತಿಯ ಮೇಲೆ ಒಂದು ತಂಬಿಗೆ ಕೂತರೆ ಹೆಚ್ಚು.

ಗುಡ್ಡದ ಬಂಡೆಯ ಮೇಲಿನ ಬರಹ ನೋಡಲು ಹೊರಗಿನಿಂದ ಪಂಡಿತರು ಬಂದರೆ ದಾರಿ ತೋರಿಸುತ್ತಿದ್ದವರು ನಮ್ಮ ಮಾವ. ಹಾಗಾಗಿ ಹಳೆಯದು ಯಾವುದನ್ನು ಕಂಡರೂ ಇದು ಇಂಥದ್ದು ಎಂದು ಹೇಳಿಬಿಡುವ ಧೈರ್ಯ ಅವರಿಗಿತ್ತು. ಒಲೆಯನ್ನು ಮೂರು ಸುತ್ತು ಹಾಕಿ, "ಇದು ರೊಟ್ಟಿ ಒಲಿ" ಎಂದರು. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಒಲೆಯ ಬಾಯಿಗೆ ಒರಗಿಸಿ ಗರಿಗರಿ ಮಾಡುವ ಕಡೆಯವರು ನಾವು. ಒರಗಿಸಲು ಆರು ಇಳಿಜಾರು, ಜಾರದಂತೆ ಅಂಚು. ಮತ್ತೇನಾದೀತು?

ಮರುದಿನ ಇದ್ದಲಿ ಹೊತ್ತಿಸಿದೆ. ನೆತ್ತಿಯ ಮೇಲೆ ಹಂಚು ಓಲಾಡಿತು. ಒರಗಿಸಿದ ರೊಟ್ಟಿ ನಡು ಬಗ್ಗಿ, ಜಾರಿ, ಬೂದಿಗೆ ಬಿತ್ತು. ಆರಕ್ಕೆ ಆರೂ ಬಿದ್ದವು. ಸಿಂಧನೂರಿನ ಹುಡುಗಿಗೆ ರೊಟ್ಟಿ ಬರುವುದಿಲ್ಲ ಎಂದಾರು ಎಂಬ ಹೆದರಿಕೆಗೆ, ಬೂದಿ ಮೆತ್ತಿದ್ದನ್ನು ಎಮ್ಮೆಗೆ ಹಾಕಿ, ಹಳೆಯ ಮಣ್ಣಿನ ಒಲೆಗೆ ಜಾಲಿ ಕಟ್ಟಿಗೆ ಇಟ್ಟು ಬೇರೆ ಸುಟ್ಟು ಬಡಿಸಿದೆ. "ಹೊಸ ಒಲೀದ ಏನವ್ವ?" ಎಂದು ಮಾವ ಕೇಳಿದರು. "ಹೌದ್ರಿ" ಎಂದೆ. ಆಮೇಲೆ ದಿನವೂ ಹೌದ್ರಿ. ಮಾವ ಬಂದವರಿಗೆಲ್ಲ ರೊಟ್ಟಿ ಮುರಿದು ಕೊಟ್ಟು, "ಸಾಹೇಬರ ಒಲೀದು" ಎನ್ನತೊಡಗಿದರು.

ಹೀಗಿರುವಾಗ, ಕಾಲುನೋವೆಂದು ಅಷ್ಟು ದಿನ ಮಗಳ ಕೈಲೇ ಬಟ್ಟೆ ತರಿಸಿ ಕಳಿಸುತ್ತಿದ್ದ ಆಯಿ ಒಂದು ಬೆಳಿಗ್ಗೆ ತಾನೇ ಗಂಟು ಹೊತ್ತು ಹಿತ್ತಲಿಗೆ ಬಂದಳು. ಒಲೆ ಕಂಡದ್ದೇ ಗಂಟು ಜಾರಿ ನೆಲಕ್ಕೆ ಬಿತ್ತು. ಹತ್ತಿರ ಹೋಗಿ ಬುಡದ ಅಂಚಿನ ಮೇಲೆ ಬೆರಳಾಡಿಸಿದಳು.

"ಗೌಡ್ರ, ಇದು ಇಸ್ತ್ರಿ ಒಲಿ ರೀ!"

ಮಾವ ಹಲ್ಲುಜ್ಜುತ್ತಿದ್ದವರು ನಕ್ಕರು. "ಬಂತಲ್ಲಪಾ ಬಡಾಯಿ! ನಮ್ಮ ಸೊಸಿ ದಿನಾ ಇದರಾಗ ರೊಟ್ಟಿ ಸುಡತಾಳ, ನಾ ತಿಂತೀನಿ. ನಿನ್ನ ಮಾತು ಕೇಳಲೋ, ನನ್ನ ಹೊಟ್ಟಿ ಮಾತು ಕೇಳಲೋ? ಏನವ್ವ, ನೀನ ಹೇಳು."

ಆಯಿ ನನ್ನ ಕಡೆ ನೋಡಿದಳು. ಆಗ ನಾನು ನಿಜ ಹೇಳಿಬಿಟ್ಟೆ ಎಂದು ಒಮ್ಮೊಮ್ಮೆ ನೆನಪಾಗುತ್ತದೆ, ಬಾಯಿ ತೆರೆದದ್ದು, ದನಿ ನಡುಗಿದ್ದು ಎಲ್ಲ ಸಹಿತ. ಅದು ನೆನಪಲ್ಲ, ಆಮೇಲೆ ನಾನು ಕಟ್ಟಿಕೊಂಡದ್ದು. ನಾನು ತಲೆ ತಗ್ಗಿಸಿ, "ಸುಡತೀನ್ರಿ" ಎಂದೆ.

ಆಯಿ ಗಂಟನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಸ್ವಲ್ಪ ಹೊತ್ತಿಗೆ ತಿರುಗಿ ಬಂದಾಗ ಸೆರಗಿನಡಿ ಏನೋ ಭಾರ. ತೆಗೆದು ಒಲೆಯ ಇಳಿಜಾರಿಗೆ ಒರಗಿಸಿದಳು. ಹಿಡಿಕೆಯೂ ಕಬ್ಬಿಣದ್ದೇ ಆದ, ಮೂತಿ ಚೂಪಾದ, ಹೊಟ್ಟೆಯಿಲ್ಲದ ಒಂದು ಇಸ್ತ್ರಿ. ಅದರ ಹಿಂಬದಿ ಒಲೆಯ ಅಂಚಿನ ಮೇಲೆ ಹಳೆಯ ಜಾಗಕ್ಕೆ ಬಂದಂತೆ ಕೂತಿತು. ಇಷ್ಟು ವರ್ಷ ಅವಳ ಮನೆಯಲ್ಲಿ ಕಾಳಿನ ಗಡಿಗೆಯೊಳಗೆ ಮುಚ್ಚಿಟ್ಟಿದ್ದಳಂತೆ.

ಮಾವನ ನಗು ನಿಂತಿತು. ಅಂಚನ್ನೂ ಇಸ್ತ್ರಿಯನ್ನೂ ನೋಡಿ, "ಹೌದಬೇ, ನೀ ಅಂದದ್ದು ಖರೆ" ಎಂದರು. ಆಯಿಯ ಮುಖ ಅರಳುವಷ್ಟರಲ್ಲಿ ಅವರೊಳಗಿನ ಪೊಲೀಸ್ ಪಾಟೀಲ ಎಚ್ಚರಗೊಂಡ. "ಇದು ಸರ್ಕಾರಿ ಮಾಲು. ನಿನ್ನ ಹಂತ್ಯಾಕ ಹೆಂಗ ಬಂತು?"

ಆಯಿ ಇಸ್ತ್ರಿಯ ಮೇಲಿನ ಕೈ ಹಿಂದೆ ತೆಗೆದಳು. ಮಾವನಿಗೇ ಕಸಿವಿಸಿಯಾಯಿತು. "ದೊರೆಸಾನಿ ಇನಾಮು ಕೊಟ್ಟಿರಬೇಕು. ಹೌದಲ್ಲ? ಹೌದು ಅನ್ನು, ಮುಗೀತು."

"ಇಲ್ರೀ ಗೌಡ್ರ. ಪಲ್ಟನ್ ಎದ್ದು ಹೋಗೂ ದಿನ ನಮ್ಮವ್ವ ಕದ್ದಿದ್ದು. ನಾ ಹೊತ್ತು ತಂದಾಕಿ. ಅದಕ್ಕ ಯಾರಿಗೂ ತೋರಿಸಲಿಲ್ಲ. ಸುಳ್ಳಿ ಅನ್ನಿಸಿಕೊಂಡಿದ್ದೆ, ಈಗ ಕಳ್ಳಿ ಅನ್ರಿ."

ಮಾವ ಗಲ್ಲ ಕೆರೆದುಕೊಂಡರು. "ಹಂಗಾದ್ರ ಇಸ್ತ್ರಿ ಜಪ್ತಿ. ನಮ್ಮ ಮನ್ಯಾಗ ಇರತೈತಿ. ವಾರಕ್ಕೊಮ್ಮೆ ನೀನ ಬಂದು ನನ್ನ ಶೇರವಾನಿಗೆ ಮಾಡು." ಅವರ ಕಚೇರಿಯಲ್ಲಿ ಅದಕ್ಕಿಂತ ಹಗುರಾದ ಶಿಕ್ಷೆ ಇರಲಿಲ್ಲ.

ಇದ್ದಲಿ ಹೊತ್ತಿತು. ಆಯಿ ಹಿಡಿಕೆಗೆ ಬಟ್ಟೆ ಸುತ್ತಿ, ಕಾದ ಇಸ್ತ್ರಿಯನ್ನು ಎತ್ತಿ ಕೆನ್ನೆಯ ಹತ್ತಿರ ತಂದು ಕಣ್ಣು ಮುಚ್ಚಿದಳು. ಚಹಾದ ಬಟ್ಟಲಿಗೂ ಮಾಡುತ್ತಿದ್ದ ಆ ಚಾಳಿ ಎಲ್ಲಿಂದ ಬಂತೆಂದು ಆಗ ಕಂಡಿತು. ಅವಳು ಶೇರವಾನಿಯ ತೋಳು ತೀಡುತ್ತಿದ್ದಾಗ ಮಾವ ನನ್ನತ್ತ ತಿರುಗಿದರು.

"ಹಂಗಾದ್ರ ಇದರ ಮ್ಯಾಲ ರೊಟ್ಟಿ ಹೆಂಗ ಸುಟ್ಟೆವ್ವ ನೀ?"

ಆಯಿ ತಲೆಯೆತ್ತದೆ ಹೇಳಿದಳು: "ಹುಡುಗಿ ಕೈ ಚಲೋ ಐತ್ರಿ ಗೌಡ್ರ. ಕಲ್ಲಿನ ಮ್ಯಾಲೂ ಸುಟ್ಟಾಳು." ಮಾವ ನಕ್ಕರು. ಪಡಸಾಲೆಯಿಂದ ಬಂದು ನಿಂತಿದ್ದ ನನ್ನ ಗಂಡನೂ ನಕ್ಕ. ಮಾತು ಅಲ್ಲಿಗೆ ಮುಗಿಯಿತು.

ಮುಂದಿನ ಸಲ ಬಂದಾಗ ಅವಳು ನನ್ನ ಸೀರೆಯನ್ನು ಮೂಗಿಗೆ ಹಿಡಿದಳು. "ಒಂದಿನಾನೂ ಇದಕ್ಕ ಇದ್ದಲಿ ವಾಸನಿ ಬಂದಿಲ್ಲ. ಬರೇ ಜಾಲಿ ಕಟಗಿ ಹೊಗಿ."

"ಗೊತ್ತಿತ್ತೇನು? ಮತ್ತ ಅವತ್ತ ಯಾಕ ಹೇಳಲಿಲ್ಲ ಆಯಿ? ಆ ಇಸ್ತ್ರಿ ತರೂದ ಬೇಕಿರಲಿಲ್ಲ."

"ಮನಿ ಮನಿ ಬಟ್ಟಿ ಒಗಿಯಾಕಿ ನಾ. ಬಟ್ಟಿ ಹೇಳಿದ್ದೆಲ್ಲ ಹೇಳಕೋತ ಹೋದ್ರ ಈ ಊರಾಗ ಯಾರ ಮನಿ ಉಳದೀತು?" ಎಂದು ಸೀರೆಯನ್ನು ಗಂಟಿಗೆ ಸೇರಿಸಿದಳು.

ಎರಡು ವರ್ಷ, ಅಥವಾ ಮೂರು, ಅವಳು ನಮ್ಮ ಹಿತ್ತಲಲ್ಲಿ ಇಸ್ತ್ರಿ ಮಾಡಿದಳು. ಊರು ಬಡಾಯಿ ಎನ್ನುವುದನ್ನು ಬಿಟ್ಟಿತು. ಕಳ್ಳಿ ಎನ್ನಲು ಹಿಡಿಯಿತು. ಅವಳು ಆ ಹೆಸರಿಗೂ ನಗುತ್ತಲೇ ಇದ್ದಳು. ನಾನು ಬಾಯಿ ಬಿಡಲಿಲ್ಲ.

ಅವಳು ತೀರಿಕೊಂಡ ದಿನ ಮಾವ, ಗಂಡ, ನಾನು ಹೋಗಿದ್ದೆವು. ಗೋಡೆಗೆ ಒರಗಿಸಿ ಕೂರಿಸಿದ್ದರು. ಹೆಂಗಸೊಬ್ಬಳು ಅಳುತ್ತ ಅಳುತ್ತಲೇ ಪಕ್ಕದವಳಿಗೆ, "ಪಲ್ಟನಿನ ಇಸ್ತ್ರಿ ಕದ್ದಾಕಿ ಈಕಿನ" ಎಂದಳು. ಆಗ ನಾನು ಎಲ್ಲರ ಮುಂದೆ ಹೇಳಿದೆ. ರೊಟ್ಟಿ ಸುಟ್ಟದ್ದು ಮಣ್ಣಿನ ಒಲೆಯಲ್ಲಿ, ನಾನು ದಿನಾ ಸುಳ್ಳು ಹೇಳಿದೆ, ಆ ಸುಳ್ಳಿಗಾಗಿ ಈಕೆ ಇಸ್ತ್ರಿ ಹೊರಗೆ ತೆಗೆಯಬೇಕಾಯಿತು. ಇದು ನಾನು ಕಟ್ಟಿಕೊಂಡದ್ದಲ್ಲ. ಅಲ್ಲಿದ್ದವರನ್ನು ಆಮೇಲೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.

ಮಾವ ಆಳು ಕಳಿಸಿ ಮನೆಯಿಂದ ಇಸ್ತ್ರಿ ತರಿಸಿದರು. ಜಪ್ತಿ ಬಿಟ್ಟಿದ್ದೇನೆ ಎಂದು ಆಯಿಯ ಮಗಳ ಕೈಗೆ ಕೊಟ್ಟರು. ವಾಪಸು ಬರುವಾಗ ದಾರಿಯುದ್ದಕ್ಕೂ ನಮಗಿಂತ ಮುಂದೆ ನಡೆದರು. ಮನೆಯ ಹೊಸ್ತಿಲ ಬಳಿ ನಿಂತು, "ಈಗ ಹೇಳಿದಿ, ಆಕಿ ಹೋದಮ್ಯಾಲ" ಎಂದರು.

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿನ ಮಾತಾಗಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.