ಡೌಟಪ್ಪನ ಎರಡು ಬಾಟಲಿ ಆಯಿಲ್

ತಾಯಿ ತಂದೆ ಇಟ್ಟ ಹೆಸರು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಡೌಟಪ್ಪ. ಆಸ್ಪತ್ರೆಯ ನರ್ಸ್‌ಗಳನ್ನು ಪಾಳಿಗೆ ಸರಿಯಾಗಿ ಕರೆತಂದು, ಪಾಳಿ ಮುಗಿದ ಮೇಲೆ ಮನೆಮನೆಗೆ ಬಿಡುವ ಹನ್ನೆರಡು ಸೀಟಿನ ವ್ಯಾನು ಅವನದು. ಮುಂದಿನ ಸೀಟಿನಲ್ಲಿ ಕೂರುವ ಹಿರಿಯ ನರ್ಸೇ ಈ ಹೆಸರಿಟ್ಟವಳು. ಬಾಗಿಲು ಹಾಕಿದ್ದೇನೆ ಎಂದು ಅವಳು ಎಷ್ಟು ಹೇಳಿದರೂ ಅವನು ಇಳಿದು ಬಂದು, ಹಿಡಿ ಎಳೆದು ನೋಡಿ, ಆಮೇಲೇ ಹೊರಡುತ್ತಿದ್ದ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಇವನು ಪ್ರಮಾಣಿಸಿದ್ದನ್ನೂ ಇನ್ನೊಮ್ಮೆ ಪ್ರಮಾಣಿಸುವ ಪೈಕಿ. ತರಕಾರಿಯವನ ತಕ್ಕಡಿ, ಡಾಕ್ಟರ ಬಿಪಿ ಯಂತ್ರ, ರೈಲ್ವೆ ಸ್ಟೇಷನ್ನಿನ ಗಡಿಯಾರ, ಯಾವುದರ ಮೇಲೂ ನಂಬಿಕೆ ಇಲ್ಲ. ಹಾಗಂತ ಕೆಟ್ಟವನಲ್ಲ, ಪಾಪ. ಇಷ್ಟು ವರ್ಷದಲ್ಲಿ ಒಬ್ಬ ನರ್ಸೂ ಪಾಳಿಗೆ ತಡವಾಗಿ ಹೋದದ್ದಿಲ್ಲ.

ಅಂಥವನ ವ್ಯಾನು ಈಚೆಗೆ ಏರು ರಸ್ತೆಯಲ್ಲಿ ಏದುಸಿರು ಬಿಡತೊಡಗಿತ್ತು. ಹಿಂದೆ ನೀಲಿ ಹೊಗೆ. ಹಾಕಿದ ಆಯಿಲ್ ಎಲ್ಲಿಗೆ ಹೋಗುತ್ತಿದೆಯೋ ಗೊತ್ತಾಗುತ್ತಿರಲಿಲ್ಲ. ಇಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ರಿಂಗು, ಹೊಸ ಬೇರಿಂಗು ಹಾಕಿ ಇನ್ನೂ ಏಳು ತಿಂಗಳು. ಹಾಕಿದವನು ಬೇರೆ ಯಾರೂ ಅಲ್ಲ, ಹೆಂಡತಿಯ ಒಬ್ಬನೇ ತಮ್ಮ. ಬಸ್ ನಿಲ್ದಾಣದ ಹಿಂದೆ ಅವನದೇ ಗ್ಯಾರೇಜು.

ಅನುಮಾನ ಒಮ್ಮೆ ಹೊಕ್ಕರೆ ಬಾಡಿಗೆ ಇಲ್ಲದೆ ಕೂತುಬಿಡುತ್ತದೆ. ಮೂರು ದಿನ ಅದನ್ನು ತಲೆಯಲ್ಲಿ ತಿರುಗಿಸಿ, ನಾಲ್ಕನೇ ದಿನ ಡೌಟಪ್ಪ ವ್ಯಾನನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ, ಬಾನೆಟ್ ಎತ್ತಿಟ್ಟು ಒಳಗೆ ಹೋದ. ಅಲ್ಲಿ ಇಬ್ಬರು ಗಿರಾಕಿಗಳಿದ್ದರು, ಪಕ್ಕದ ಟೈರ್ ಅಂಗಡಿಯವನೂ ಇದ್ದ. ಅವರೆಲ್ಲ ಹೋಗಲಿ ಎಂದು ಕಾಯುವಷ್ಟು ತಾಳ್ಮೆ ಇವನಿಗಿರಲಿಲ್ಲ.

"ಹಳೇ ರಿಂಗನ್ನೇ ಒರೆಸಿ ಹಾಕಿದ್ದೀಯ. ನಿಜ ಹೇಳು," ಅಂದ.

ಬಾಮೈದನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಗಿರಾಕಿಗಳು ಮುಖ ಮುಖ ನೋಡಿಕೊಂಡರು.

"ಒಂದ್ಸಲ ಆಯಿಲ್ ಟೆಸ್ಟ್ ಮಾಡ್ಸಿ ಭಾವ," ಅಂದ ಅವನು, ದನಿ ಏರಿಸದೆ. "ಓಡಿದ ಆಯಿಲ್ ಕೊಟ್ರೆ ಅದರಲ್ಲಿ ಯಾವ ಲೋಹದ ಪುಡಿ ಎಷ್ಟಿದೆ ಅಂತ ಲ್ಯಾಬಿನೋರು ಹೇಳ್ತಾರೆ. ಇಂಜಿನ್ನಲ್ಲಿ ಏನು ಸವೀತಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. ನಾನು ಇನ್ನೇನೂ ಹೇಳಲ್ಲ."

ಇಷ್ಟು ಹೇಳಿ ಕೆಲಸಕ್ಕೆ ತಿರುಗಿದ. ಆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಡೌಟಪ್ಪನಿಗೆ ಸುಲಭವಾಗುತ್ತಿತ್ತು. ಬಟ್ಟೆ ಮಡಿಸುತ್ತಾ ಕೂತವಳು ಒಂದೇ ಮಾತು ಹೇಳಿದಳು: "ನಂಗೆ ತವರು ಅಂತ ಉಳಿದಿರೋದು ಅವನೊಬ್ನೇ. ಟೆಸ್ಟಲ್ಲಿ ಅವನ ತಪ್ಪು ಅಂತ ಬಂದ್ರೆ ನಾನು ಅವನ ಪರ ತುಟಿ ಬಿಚ್ಚಲ್ಲ. ಇಲ್ಲ ಅಂತ ಬಂದ್ರೆ, ಎಲ್ಲರ ಮುಂದೆ ಕಳ್ಳ ಅಂದ ಬಾಯಲ್ಲೇ ಅವನನ್ನ ಮನೆಗೆ ಕರ್ಕೊಂಡು ಬನ್ನಿ."

ಕಳ್ಳ ಎಂದು ತಾನು ಅಂದಿರಲಿಲ್ಲ ಎಂದು ವಾದಿಸಲು ಹೊರಟ. ಅವಳ ಮುಖ ನೋಡಿ ಲ್ಯಾಬಿನ ನಂಬರ್ ಹುಡುಕತೊಡಗಿದ.

ಲ್ಯಾಬಿಗೆ ಫೋನ್ ಮಾಡಿದ. ಅಲ್ಲಿನ ಹೆಂಗಸು ವಿಧಾನ ಹೇಳಿದಳು: ಗಾಡಿ ಓಡಿಸಿ ಬಂದು ಇಂಜಿನ್ ಬಿಸಿಯಿರುವಾಗಲೇ ಕೆಳಗಿನ ಬೋಲ್ಟ್ ಬಿಚ್ಚಿ, ಮೊದಲು ಬೀಳುವುದೂ ಬೇಡ, ಕೊನೆಗೆ ತೊಟ್ಟಿಕ್ಕುವುದೂ ಬೇಡ, ನಡುವಿನ ಧಾರೆಗೆ ಬಾಟಲಿ ಹಿಡಿಯಿರಿ. ಇದನ್ನು ವ್ಯಾನಿನಲ್ಲಿ ಹೇಳಿದಾಗ ನರ್ಸ್‌ಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯೂರಿನ್ ಟೆಸ್ಟಿಗೆ ನಾವು ದಿನಾ ಪೇಶೆಂಟ್‌ಗಳಿಗೆ ಹೇಳೋದೂ ಇದನ್ನೇ ಅಲ್ವಾ ಅಣ್ಣ," ಅಂದಳು ಹಿರಿಯ ನರ್ಸು. ಮಾರನೇ ದಿನ ಮುಚ್ಚಳದ ಎರಡು ಹೊಸ ಪ್ಲಾಸ್ಟಿಕ್ ಡಬ್ಬಿಗಳನ್ನೂ ತಂದುಕೊಟ್ಟಳು.

ಎರಡು ಯಾಕೆಂದರೆ, ಡೌಟಪ್ಪನಿಗೆ ಲ್ಯಾಬಿನ ಮೇಲೂ ಡೌಟು. ಬಾಮೈದನೇ ಹೇಳಿದ ಉಪಾಯ, ಅಲ್ಲಿ ಅವನಿಗೆ ಗುರುತಿನವರು ಇರಬಾರದೇಕೆ? ಅದಕ್ಕೇ ಒಂದೇ ಧಾರೆಯಲ್ಲಿ ಎರಡು ಡಬ್ಬಿ ತುಂಬಿದ. ಒಂದನ್ನು ತನ್ನ ಹೆಸರಲ್ಲಿ, ವ್ಯಾನಿನ ನಂಬರ್ ಬರೆದು ತಾನೇ ಕೊಟ್ಟುಬಂದ. ಇನ್ನೊಂದನ್ನು ಎರಡು ದಿನ ಬಿಟ್ಟು, ಯಾವುದೋ ನಂಬರ್ ಹಾಕಿ, ಹಿರಿಯ ನರ್ಸಿನ ಗಂಡನ ಕೈಲಿ ಅದೇ ಲ್ಯಾಬಿಗೆ ಕಳಿಸಿದ. ಎರಡರ ಫಲ ಬೇರೆ ಬೇರೆ ಬಂದರೆ ಲ್ಯಾಬಿನ ಬಣ್ಣ ಬಯಲು. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ವಾರ ಕಳೆದು ಎರಡೂ ರಿಪೋರ್ಟ್ ಕೈಗೆ ಬಂದವು. ವ್ಯಾನಿನ ಸ್ಟೀರಿಂಗ್ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ಸಾಲು ಸಾಲಿಗೂ ಬೆರಳಿಟ್ಟು ನೋಡಿದ. ಅಂಕಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಅಷ್ಟೇ. ಲ್ಯಾಬಿನವರು ಸಾಚಾ. ಇನ್ನು ಅದರಲ್ಲಿ ಏನು ಬರೆದಿದೆಯೋ ಅದನ್ನು ನಂಬದೆ ಗತಿಯಿಲ್ಲ. ಲ್ಯಾಬಿನ ಒಳಗೆ ಹೋಗಿ, ಫೋನಿನಲ್ಲಿ ವಿಧಾನ ಹೇಳಿದ್ದ ಹೆಂಗಸಿನ ಮೇಜಿನ ಮುಂದೆ ಕೂತ.

"ತಾಮ್ರ, ಸೀಸ ಎರಡೂ ಕಡಿಮೆ ಇವೆ," ಅಂದಳು ಅವಳು, ಕನ್ನಡಕ ಸರಿಮಾಡಿಕೊಂಡು. "ಅಂದ್ರೆ ಬೇರಿಂಗ್ ಚೆನ್ನಾಗಿದೆ. ಕೆಲಸ ಮಾಡಿದೋರು ಅಚ್ಚುಕಟ್ಟಾಗಿ ಮಾಡಿದ್ದಾರೆ. ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ರಿಂಗು, ಪಿಸ್ಟನ್ನು ಸವೀತಿವೆ."

"ಹಳೇ ರಿಂಗಾದ್ರೆ ಹಾಗೇ ಅಲ್ವಾ ಮೇಡಂ?"

"ಇಲ್ನೋಡಿ, ಸಿಲಿಕಾನ್ ಎಲ್ಲಕ್ಕಿಂತ ಜಾಸ್ತಿ. ಅದು ಮಣ್ಣು. ರಸ್ತೆ ಧೂಳು ಗಾಳಿ ಜೊತೆ ಇಂಜಿನ್ ಒಳಗೆ ಹೋಗ್ತಿದೆ. ಯಾವ ಹೊಸ ರಿಂಗಾದ್ರೂ ಮರಳುಕಾಗದ ಉಜ್ಜಿದ ಹಾಗೆ ಸವೆದುಹೋಗುತ್ತೆ. ಗಾಳಿ ಸೋಸೋ ಏರ್ ಫಿಲ್ಟರ್ ಡಬ್ಬಿನ ಯಾರಾದ್ರೂ ಪದೇ ಪದೇ ಬಿಚ್ತಾರಾ?"

ಬಿಚ್ಚುತ್ತಿದ್ದವನು ಡೌಟಪ್ಪನೇ. ಹೊಸ ಫಿಲ್ಟರ್ ಹಾಕಿದ್ದೇನೆ ಎಂದು ಬಾಮೈದ ಹೇಳಿದ್ದ. ನಿಜವಾಗಿ ಹೊಸದೇ ಹೌದೋ ಅಲ್ಲವೋ ಎಂದು ಅವತ್ತೇ ಬಿಚ್ಚಿ ನೋಡಿದ್ದ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಯಾರಾದರೂ ಬದಲಾಯಿಸಿದ್ದರೆ ಎಂದು ಆಮೇಲೆ ವಾರ ವಾರ ನೋಡಿದ. ನೋಡಿದವನು ಸುಮ್ಮನೆ ಬಿಟ್ಟನೇ? ಟೈರಿಗೆ ಬಡಿದು ಧೂಳು ಕೊಡವುತ್ತಿದ್ದ. ಸುತ್ತಲಿನ ರಬ್ಬರು ಹರಿದಿತ್ತು. ಮುಚ್ಚಳದ ಒಂದು ಕ್ಲಿಪ್ಪು ಮುರಿದು, ಅದಕ್ಕೆ ತಂತಿ ಸುತ್ತಿದ್ದ. ಏಳು ತಿಂಗಳು ತನ್ನ ಇಂಜಿನ್ನಿಗೆ ತಾನೇ ಮಣ್ಣು ತಿನ್ನಿಸಿದ್ದ.

"ಇಲ್ಲ, ಯಾರೂ ಬಿಚ್ಚಲ್ಲ," ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡ. "ನಾನೇ," ಅಂದ.

ಗ್ಯಾರೇಜಿಗೆ ಹೋದಾಗ ಮಧ್ಯಾಹ್ನ. ಟೈರ್ ಅಂಗಡಿಯವನನ್ನೂ ಕರೆದ. ಎಲ್ಲರ ಮುಂದೆ ಆಡಿದ್ದನ್ನು ಮೂಲೆಯಲ್ಲಿ ನುಂಗುವುದು ಗಂಡಸುತನವಲ್ಲ ಎಂಬಷ್ಟು ಮಾತ್ರ ಅವನಿಗೆ ಹೊಳೆದಿತ್ತು. ರಿಪೋರ್ಟನ್ನು ಬಾಮೈದನ ಮುಂದಿಟ್ಟು, "ತಪ್ಪು ನಂದು. ನಿನ್ನ ಕೆಲಸದಲ್ಲಿ ಏನೂ ಕೊರೆ ಇಲ್ಲ. ಭಾನುವಾರ ಮನೆಗೆ ಬಾ," ಅಂದ.

ಬಾಮೈದ ಕಾಗದ ಮುಟ್ಟಲೂ ಇಲ್ಲ. "ನಂಗೊತ್ತಿತ್ತು ಭಾವ. ನೀವು ಬೈಯಕ್ಕೆ ಬಂದ ದಿನವೇ ಫಿಲ್ಟರ್ ಡಬ್ಬಿಗೆ ಸುತ್ತಿದ್ದ ಆ ತಂತಿ ನೋಡ್ದೆ."

"ಮತ್ತೆ ಅವತ್ತೇ ಹೇಳೋದಲ್ವೇನೋ?"

"ಹೇಳಿದ್ರೆ ನಂಬ್ತಿದ್ರಾ?"

ಡೌಟಪ್ಪ ಟೈರ್ ಅಂಗಡಿಯವನ ಕಡೆ ನೋಡಿದ. ಅವನು ಬೇರೆಲ್ಲೋ ನೋಡುತ್ತಿದ್ದ.

"ಗಾಡಿ ಬಿಟ್ಟು ಹೋಗಿ," ಅಂದ ಬಾಮೈದ. "ಮನೆಗೆ ಬರೋ ವಿಷಯ ಅಕ್ಕನ ಹತ್ರ ಮಾತಾಡ್ತೀನಿ."

ಬಿಸಿಲಲ್ಲಿ ನಡೆದೇ ಮನೆಗೆ ಬಂದ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಒಂದನ್ನೂ ಬಿಡದೆ ಎಲ್ಲ ಹೇಳಿದ: ಫಿಲ್ಟರು, ಮಣ್ಣು, ಗ್ಯಾರೇಜು, ತಾನು ಆಡಿದ ಮಾತು. ಅವಳ ಮುಖ ಅರಳುತ್ತದೆಂದು ಕಾದು ನಿಂತ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪು ನಂದು ಅಂತ ನೀವು ಅಂದ್ರಾ? ಅವರೆಲ್ಲರ ಎದುರಿಗೆ?"

"ಅಂದೆ ಕಣೇ."

"ನಿಜವಾಗ್ಲೂ?"

ಅವನು ಉತ್ತರ ಕೊಡುವಷ್ಟರಲ್ಲಿ ಅವಳು ಕೈ ಒರೆಸಿಕೊಂಡು ಫೋನ್ ಎತ್ತಿ ತಮ್ಮನಿಗೆ ಹಚ್ಚಿದ್ದಳು. ಡೌಟಪ್ಪ ಗೋಡೆಗೊರಗಿ ನಿಂತ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದವಳು ತನ್ನ ಒಂದು ಮಾತನ್ನು ತನ್ನೆದುರಿಗೇ ಪರೀಕ್ಷೆಗೆ ಕಳಿಸುತ್ತಿದ್ದಾಳೆ. ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಹೀಗೆ ಚುಚ್ಚುತ್ತದೆಂದು ಅವನಿಗೆ ಈವರೆಗೆ ಗೊತ್ತೇ ಇರಲಿಲ್ಲ.

ಅವಳು ಹೂಂ, ಹೂಂ ಎಂದು ಬಹಳ ಹೊತ್ತು ಕೇಳಿದಳು. ಫೋನ್ ಇಟ್ಟು ಕಣ್ಣೊರೆಸಿಕೊಂಡಳು.

"ಭಾನುವಾರ ಬರ್ತಾನಂತೆ," ಅಂದಳು.

"ನಾನು ಹೇಳಿದ್ನಲ್ಲ, ಅಷ್ಟು ಸಾಲ್ದಾ ನಿಂಗೆ?"

"ಸಾಲಲಿಲ್ಲ," ಅಂದಳು ಅವಳು. "ನಿಮ್ಮ ಜೊತೆ ಇದ್ದು ಕಲಿತದ್ದು."